ಗಾಳಿ ನೋಡಿ ಹಾದಿ ಹಿಡಿಯುತ್ತಿದ್ದ ರಾಜೇಸಾಬ ಕಾಕಾ

ರಾಜೇಸಾಬ ಕಾಕಾ ಬೆಳಿಗ್ಗೆ ಬಾಗಿಲು ತೆರೆದವರೇ ಮೊದಲು ನೋಡುತ್ತಿದ್ದುದು ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ಮುಖ. ರೆಕ್ಕೆ ಎಷ್ಟು ಜೋರು ತಿರುಗುತ್ತಿದೆ ಎಂಬುದು ಅವರಿಗೆ ಬೇಕಿರಲಿಲ್ಲ. ಮುಖ ಯಾವ ದಿಕ್ಕಿಗಿದೆ ಎಂಬುದಷ್ಟೇ ಬೇಕು. ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ, "ಇವತ್ತ ಪಡುವಲ ಗಾಳಿ!" ಎಂದು ಓಣಿಗೆಲ್ಲ ಕೇಳುವಂತೆ ಸಾರಿ ಒಳಗೆ ಹೋಗುತ್ತಿದ್ದರು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಸೈಕಲ್ ಮೇಲೆ ಹಳ್ಳಿಹಳ್ಳಿಗೆ ಐಸ್‌ಕ್ಯಾಂಡಿ ಮಾರಿದವರು. ಹಿಂದೆ ಮರದ ಡಬ್ಬಿ, ಹ್ಯಾಂಡಲ್ಲಿಗೆ ರಬ್ಬರಿನ ಪೋಂಪೋಂ. ಎದುರುಗಾಳಿಗೆ ಸಿಕ್ಕರೆ ಊರು ಮುಟ್ಟುವುದು ತಡ, ಮುಟ್ಟಿದಾಗ ಡಬ್ಬಿಯಲ್ಲಿ ಬರೀ ಕಡ್ಡಿ. ಅದಕ್ಕೇ ಅವರು ಹಾದಿಯನ್ನು ದೂರದಿಂದ ಅಳೆಯುತ್ತಿರಲಿಲ್ಲ. "ಬಯಲಾಗ ಗಾಳಿ ಬೆನ್ನಿಗಿರಬೇಕು. ಎದಿಗೆ ಬಂತಂದ್ರ ಗಾಳಿ ತಾಗದಾಂಗ ಗುಡ್ಡದ ಮರಿ ಹಿಡೀಬೇಕು," ಎನ್ನುತ್ತಿದ್ದರು.

ಈ ಮಾತಿನ ಬೆಲೆ ನನಗೆ ತಿಳಿದದ್ದು ಈಚೆಗೆ. ನಾನು ಹಳೇ ಸೈಕಲ್ ಕೊಂಡು, ತೊಳೆದು, ಬಾಯಿ ಮಾಡಿ ಮಾರಿ ಮೇಲೆ ಬಂದವನು. ಎರಡು ವರ್ಷದ ಹಿಂದೆ ದಪ್ಪ ಟೈರಿನ ಗೇರ್ ಸೈಕಲ್ ತರಿಸಿ ಊರಿನ ಹನ್ನೊಂದು ಜನರಿಗೆ ಮಾರಿದೆ. ಮೂರೇ ತಿಂಗಳಲ್ಲಿ ಅರ್ಧ ಜನ ಅದರ ಮೇಲೆ ಟವೆಲ್ ಒಣಹಾಕುತ್ತಿದ್ದರು. ಸಾಲೆಯ ಹೆಡ್‌ಮೇಡಮ್ ಶಾಂತಕ್ಕ ಅಂಗಡಿಗೇ ಬಂದು, "ಎಲ್ಲಿ ಹೊಡೀಬೇಕ್ರಿ ಇದನ್ನ, ಬಸ್‌ಸ್ಟ್ಯಾಂಡಿನ್ಯಾಗ? ಒಂದ ಚಲೋ ಹಾದಿ ತೋರಸ್ರಿ, ಇಲ್ಲಾ ವಾಪಸ್ ತಗೋರಿ," ಎಂದರು. ಊರಿನಲ್ಲಿ ಅವರ ಮಾತು ನಡೆಯುತ್ತದೆ. ಅವರು ಸೈಕಲ್ ಬಿಟ್ಟರೆ ಉಳಿದ ಹತ್ತೂ ಜನ ಬಿಡುತ್ತಾರೆ, ಆಮೇಲೆ ನನ್ನ ಅಂಗಡಿಗೆ ನೊಣವೂ ಬರುವುದಿಲ್ಲ. ಕೆರೆಯ ಬದಿಗೆ, ಗರಸಿನ, ಅಂದರೆ ಕೆಂಪು ನೊರಜುಗಲ್ಲಿನ ಹಾದಿಯಲ್ಲಿ ಒಂದು ಸುತ್ತು ಬೇಕಿತ್ತು. ಬೆವರು ಬರಬೇಕು, ಬೇಸರ ಬರಬಾರದು. ನೇರ ಕಾಕಾರ ಮನೆಗೆ ಹೋದೆ.

ಫೋನಿನಲ್ಲಿ ನಕ್ಷೆ ತೆರೆದು ತೋರಿಸಿದೆ. ಕಾಕಾ ಕನ್ನಡಕ ಏರಿಸಿದರು.

"ಇದರಾಗ ನಾಯಿ ಎಲ್ಲಿ ಅದಾವ?"

"ನಾಯಿ ತೋರಸಾಂಗಿಲ್ಲ ಕಾಕಾ."

"ಎರಿಮಣ್ಣ ಎಲ್ಲಿ, ಗರಸು ಎಲ್ಲಿ?"

"ಅದೂ ಇಲ್ಲ."

"ಮತ್ತೇನ ತೋರಸ್ತದೋ ತಮ್ಮಾ ಇದು? ಕೆರಿ ನೀಲಿ ಐತಿ ಅಂತ ನನಗೂ ಗೊತ್ತೈತಿ!"

ಅಂಗಳದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು: ಗುಡ್ಡದ ಮರೆಯಲ್ಲಿ ಪಡುವಲಿನ ಸೂಡಿ ಊರಿಗೆ, ಅಲ್ಲಿಂದ ಬಯಲಿಗಿಳಿದು ಕೆರೆಯ ದಂಡೆ, ಪುರ್ತಗೇರಿ, ಮನೆ. ನೀರಿಗೆ ತೀರ ಹತ್ತಿರ ಹೋಗುವ ಒಳದಾರಿಯನ್ನು ಮಾತ್ರ ಬಿಟ್ಟರು. ನಾನು ಚೌಕಾಶಿಗಿಳಿದೆ. ಅಲ್ಲಿ ಹೋದರೆ ದೂರ ಕಡಿಮೆಯಾಗುತ್ತದೆ, ಫೋಟೋ ಚೆಂದ ಬರುತ್ತದೆ! "ಹೋಗಿ ನೋಡೋಣು ಬಾ," ಎಂದರು.

ಹೋದೆವು. ಶ್ರಾವಣದ ಮಳೆ ನಿಂತು ಎರಡು ದಿನವಾಗಿತ್ತು. ನೂರು ಹೆಜ್ಜೆಯೊಳಗೆ ಎರೆಮಣ್ಣು ಗಾಲಿಗೆ ಅಮರಿ ನನ್ನ ಸೈಕಲ್ಲು ಎಮ್ಮೆಯಂತೆ ಕೂತುಬಿಟ್ಟಿತು. ಮೇಲಿನ ಗರಸಿನ ಹಾದಿಯಲ್ಲಿ ನಿಂತಿದ್ದ ಕಾಕಾ ಇಳಿದು ಬಂದು, ಕಟ್ಟಿಗೆಯಿಂದ ಮಣ್ಣು ಕೆರೆಯುತ್ತ, "ಎರಿಮಣ್ಣ ಬೀಗರಿದ್ದಾಂಗ. ಕೈ ಹಿಡದ್ರ ಉಣ್ಣಿಸದ ಬಿಡಾಂಗಿಲ್ಲ. ಫೋಟೋ ತಗೀಲೇನು?" ಎಂದರು. ನಿಮಗೂ ಹೇಳುತ್ತೇನೆ, ನಮ್ಮ ಕಡೆ ಸುತ್ತು ಹಾಕುವವರು ನೀರು ನೋಡಿ ಮರುಳಾಗಬೇಡಿ, ಮಣ್ಣಿನ ಬಣ್ಣ ನೋಡಿ. ಕೆಂಪಗಿದ್ದರೆ ಹೊರಡಿ. ಕಪ್ಪಗಿದ್ದರೆ ಮಳೆಯಾದ ಮೇಲೆ ಒಂದು ವಾರ ಮನೆಯಲ್ಲಿರಿ.

ದಸರೆ ಮುಗಿದ ರವಿವಾರ ಬೆಳಿಗ್ಗೆ ಆರಕ್ಕೆ ಹನ್ನೊಂದೂ ಜನ ಅಂಗಡಿ ಮುಂದೆ ಸೇರಿದರು. ಮರಳುವಾಗ ಪುರ್ತಗೇರಿಯ ಬಸವ್ವನ ಹೋಟೆಲಿನಲ್ಲಿ ಒಂಬತ್ತಕ್ಕೆ ಗಿರಮಿಟ್ಟು, ಮಿರ್ಚಿ ಎಂದು ಮೊದಲೇ ಗೊತ್ತುಮಾಡಿದ್ದೆ. ಅರ್ಧ ತಾಸು ಬಡಿದಾಡಿ ಚಹಾ ಪುಕ್ಕಟೆ ಮಾಡಿಸಿಕೊಂಡಿದ್ದೆ. ಕಾಕಾ ಗುಡ್ಡದ ಕಡೆ ನೋಡಿದರು.

"ಗಾಳಿ ತಿರುಗೇತಿ, ಮೂಡಲ ಆಗೇತಿ. ಸುತ್ತು ತಿರುವಿ ಹಾಕ್ರಿ. ಮೊದಲ ಪುರ್ತಗೇರಿ, ಕೆರಿ. ಬರೂಮುಂದ ಗುಡ್ಡದ ಮರಿ."

"ಕಾಕಾ, ಇಷ್ಟ ಲಗೂ ಹೋದ್ರ ಬಸವ್ವ ಒಲಿನ ಹಚ್ಚಿರಾಂಗಿಲ್ಲ!"

"ಒಲಿ ಯಾವಾಗರ ಹಚ್ಚಬಹುದು. ಗಾಳಿ ಕೂಡ ಚೌಕಾಶಿ ನಡ್ಯಾಂಗಿಲ್ಲ ತಮ್ಮಾ."

ನಾನು ಬಗ್ಗಲಿಲ್ಲ. ಅವರು ಶಾಂತಕ್ಕನ ಕಡೆ ತಿರುಗಿದರು. "ಅಕ್ಕಾರ, ಬಯಲಾಗ ಗಾಳಿ ನಿಮ್ಮನ್ನ ದೂಡಬೇಕೋ, ತಡೀಬೇಕೋ?"

"ತಡ್ಯಾವ್ರು ಸಾಲ್ಯಾಗ ಭಾಳ ಮಂದಿ ಅದಾರ್ರಿ. ಇಲ್ಲೆರ ದೂಡ್ಲಿ!"

ಹನ್ನೊಂದೂ ಸೈಕಲ್ಲು ಪುರ್ತಗೇರಿಯ ಕಡೆ ತಿರುಗಿದವು.

ಏನು ಹೇಳಲಿ! ಕೆರೆಯ ದಂಡೆಯ ಮೇಲೆ ಗಾಳಿ ಬೆನ್ನಿಗೆ ಕೈಯಿಟ್ಟು ನೂಕುತ್ತಿತ್ತು. ಟೈರಿನಡಿ ಗರಸು ಚರಚರ ಎನ್ನುತ್ತಿತ್ತು, ಬೆಳ್ಳಕ್ಕಿಗಳು ನಮ್ಮ ಜೊತೆಗೇ ಹಾರುತ್ತಿದ್ದವು. ಶಾಂತಕ್ಕ ತುಳಿಯುವುದನ್ನೇ ಬಿಟ್ಟು, "ಹೋ!" ಎಂದು ಕೂಗಿದರು. ನಾನೊಬ್ಬ ಮಾತ್ರ ಒಂದು ಕೈಯಲ್ಲಿ ಫೋನ್ ಹಿಡಿದಿದ್ದೆ. ಪುರ್ತಗೇರಿ ದಾಟುವಾಗ ಬಸವ್ವನ ಬಾಗಿಲು ಮುಚ್ಚಿತ್ತು, ಈಗ ಫೋನೂ ಎತ್ತುತ್ತಿರಲಿಲ್ಲ. ದಂಡೆಯ ಕೊನೆಗೆ ಹೊರಳಿ ನೋಡಿದರೆ ಕಾಕಾ ನಮ್ಮ ಹಿಂದಿರಲಿಲ್ಲ. ದೂರದಲ್ಲಿ, ಹ್ಯಾಂಡಲ್ಲಿನ ಮೇಲೆ ಎದೆಯೊರಗಿಸಿ, ಆ ಗಾಳಿಗೆ ಎದುರಾಗಿ, ಒಂದೊಂದೇ ಪೆಡಲ್ ಒತ್ತುತ್ತ ಪುರ್ತಗೇರಿಗೆ ಮರಳುತ್ತಿದ್ದರು.

ನಾವು ಸೂಡಿ ಮುಟ್ಟಿ ಸ್ವಲ್ಪ ಹೊತ್ತಿಗೆ ಬಸವ್ವ ಬುಟ್ಟಿ ಸಮೇತ ಟಂಟಂ ಆಟೋದಿಂದ ಇಳಿದಳು. "ನಿಮ್ಮ ಕಾಕಾ ಬಾಗಲಾ ಬಡದು ಎಬ್ಬಿಸ್ಯಾರ. ಭಾಳ ತೇಕಾಕತ್ತಿದ್ರು. ನೀರ ಕೊಟ್ಟು ಮನಿಗೆ ಕಳಿಸೇನಿ," ಎಂದಳು. ಶಾಂತಕ್ಕ ಮೂರು ಮಿರ್ಚಿ ತಿಂದು, ಗುಡ್ಡದ ಮರೆಯಲ್ಲಿ ಎಲ್ಲೂ ಕಾಲೂರದೆ ಗಜೇಂದ್ರಗಡ ಮುಟ್ಟಿದರು.

ಸಂಜೆ ಓಡಿದೆ. ಕಾಕಾ ಹೊರಸಿನ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಎದುರಗಾಳ್ಯಾಗ ಯಾಕ ಹೋದ್ರಿ ಕಾಕಾ? ಒಂದ ಹೊತ್ತ ಉಪಾಸ ಇದ್ರ ಸಾಯ್ತಿದ್ರೇನು?"

"ಹೊಟ್ಟಿ ಹಸದಾಂವ ಹಾದಿಗೆ ಬಯ್ತಾನ. ಅಷ್ಟ ಚಲೋ ಹಾದಿಗೆ ಯಾಕ ಬೈಸಬೇಕು? ಅಕ್ಕಾರು ಸೈಕಲ್ ವಾಪಸ್ ಕೊಟ್ರೇನು?"

"ಬರೂ ಆಯ್ತಾರ ಎಷ್ಟಕ್ಕ ಹೊರಡೂದು ಅಂತ ಕೇಳ್ಯಾರ!"

ಕಾಕಾ ತೊಡೆ ಬಡಿದು ನಕ್ಕರು. "ಹಂಗಾರ ತಡಿ. ಸೂಡಿ ಆಚಿ ಕಡೆ ಇನ್ನೊಂದ ಸಣ್ಣ ಕೆರಿ ಐತಿ, ಅದರ ಸುತ್ತ ಎಲ್ಲಾ ಗರಸು. ಬಾಯಿಲೆ ಹೇಳಿದ್ರ ತಿಳ್ಯಾಂಗಿಲ್ಲ. ತೋರಸ್ತೇನಿ."

ಆ ರವಿವಾರ ಮಳೆ ಹಿಡಿಯಿತು. ಅದರ ಮುಂದಿನ ರವಿವಾರ ಕಾಕಾ ಇರಲಿಲ್ಲ; ನಿದ್ದೆಯಲ್ಲೇ ಹೋಗಿದ್ದರು.

ಈಗ ನಾವು ಹತ್ತೊಂಬತ್ತು ಜನ. ಕಾಕಾ ಹೇಳಿದ ಸಣ್ಣ ಕೆರೆ ಹುಡುಕುತ್ತ, ಸೂಡಿಯ ಆಚೆ ಕವಲು ಕಂಡಲ್ಲೆಲ್ಲ ಶಾಂತಕ್ಕ ಎಲ್ಲರಿಗಿಂತ ಮೊದಲು ಸೈಕಲ್ ತಿರುಗಿಸುತ್ತಾರೆ. ಎರಡು ಹಾದಿ ಯಾರದೋ ಹೊಲದಲ್ಲಿ ಮುಗಿದವು, ಒಂದು ಕಲ್ಲಿನ ಕ್ವಾರಿಯಲ್ಲಿ. ಹಳ್ಳಿಯವರನ್ನು ಕೇಳಿದರೆ, "ಐಸ್‌ಕ್ಯಾಂಡಿ ಸಾಬರೇನ್ರಿ? ಬರ್ತಿದ್ರಲ್ಲ!" ಎಂದು ಮುಖ ಅರಳಿಸುತ್ತಾರೆ. ಯಾವ ಕಡೆಯಿಂದ ಬರುತ್ತಿದ್ದರು ಎಂದರೆ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಾರೆ.