ಸಮುದ್ರದ ಮೇಲಿನ ಕೊಳ

ಶರಣಬಸಮ್ಮ ಮದುವೆಯಾಗಿ ಹೈದರಾಬಾದಿಗೆ ಬಂದಾಗ ಅವಳಿಗೆ ಹದಿನೇಳು ವರ್ಷ. ಗಂಡ ಅಮರೇಶಪ್ಪನದು ಬೇಗಂ ಬಜಾರಿನಲ್ಲಿ ಸ್ಟೀಲು ಪಾತ್ರೆಗಳ ಸಗಟು ಅಂಗಡಿ. ಅಂಗಡಿಯ ಮೇಲೆಯೇ ಮನೆ. ಕೆಳಗೆ ದಿನವಿಡೀ ತಟ್ಟೆ, ಬಟ್ಟಲು, ಕೊಳಗಗಳ ಸಪ್ಪಳ. ನಳದಲ್ಲಿ ನೀರು ಬರುತ್ತಿದ್ದುದು ದಿನ ಬಿಟ್ಟು ದಿನ, ಅದೂ ಒಂದೇ ತಾಸು. ಆ ತಾಸಿನಲ್ಲಿ ನಾಲ್ಕು ಡ್ರಮ್ಮು ತುಂಬಿಸಿಕೊಂಡು ಎರಡು ದಿನ ಅಳೆದು ಅಳೆದು ಬಳಸಬೇಕು. ಮೂವತ್ತೈದು ವರ್ಷ ಅವಳು ಹಾಗೆ ನೀರು ಹಿಡಿದಳು.

ಅದಕ್ಕೂ ಮುಂಚೆ ಅವಳು ನೀರಿನಲ್ಲೇ ಬೆಳೆದವಳು ಅನ್ನುವುದು ಹೈದರಾಬಾದಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಫಜಲಪುರದ ಕಡೆ, ಭೀಮಾ ನದಿಯ ದಂಡೆಯಲ್ಲಿ ಅವಳ ತವರು. ಬೇಸಿಗೆ ಬಂತೆಂದರೆ ಅವಳ ಅಪ್ಪ ಆಚೆ ದಂಡೆಯ ಉಸುಕಿನಲ್ಲಿ ಕಲ್ಲಂಗಡಿ ಬಳ್ಳಿ ಹಾಕುತ್ತಿದ್ದ. ನಡುವೆ ಆಳದ ನೀರು. ಆರನೆಯ ವರ್ಷಕ್ಕೆ ಅವಳ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ಅಪ್ಪ ಅವಳನ್ನು ಹೊಳೆಗಿಳಿಸಿದ. ಎಂಟನೆಯ ವರ್ಷಕ್ಕೆ ಬುರುಡೆ ಬೇಡವಾಯಿತು. ಅಪ್ಪನ ಬುತ್ತಿಯನ್ನು ಅರಿವೆಯಲ್ಲಿ ಸುತ್ತಿ ತಲೆಗೆ ಕಟ್ಟಿಕೊಂಡು, ರೊಟ್ಟಿಗೆ ಒಂದು ಹನಿ ತಾಗದಂತೆ ಅವಳು ಹೊಳೆ ದಾಟುತ್ತಿದ್ದಳು. ಮದುವೆಯಾದ ಮೇಲೆ ತವರಿಗೆ ಹೋದದ್ದೆಲ್ಲ ಬಾಣಂತನಕ್ಕೆ, ಇಲ್ಲವೆ ಯಾರದೋ ಮಣ್ಣಿಗೆ. ತವರುಮನೆಯ ಸೊಸೆಯಂದಿರು, ಮಕ್ಕಳು ಎದುರಿಗಿರುವಾಗ ಹೊಳೆಗಿಳಿಯುವ ಮಾತೇ ಬರಲಿಲ್ಲ.

ಊರಿನ ಇನ್ನೊಂದು ತುದಿಯ ಕೊಂಡಾಪುರದ ಫ್ಲ್ಯಾಟಿಗೆ ಅವರು ಬಂದದ್ದು ಎರಡು ಸಾವಿರದ ಒಂಬತ್ತರಲ್ಲಿ. ಮಗ ಮಹೇಶಕುಮಾರ ತಂದೆಯ ಜೊತೆ ಅಂಗಡಿಗೇ ಹೋಗುತ್ತಿದ್ದ. ಸೊಸೆ ವಿಜಯಶ್ರೀಗೆ ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಮನೆ ಕೊಂಡದ್ದು ಅವಳ ಆಫೀಸು ಹತ್ತಿರವಾಗಲೆಂದು. ಸುತ್ತಮುತ್ತ ದಿನಕ್ಕೊಂದು ಕಟ್ಟಡ ಏಳುತ್ತಿತ್ತು, ವಾರಕ್ಕೊಂದು ಗೃಹಪ್ರವೇಶ. ಹೊಸ ಮನೆಗಳಿಗೆಲ್ಲ ಪಾತ್ರೆ ಬೇಕು, ಹಾಗಾಗಿ ಬೇಗಂ ಬಜಾರಿನ ಅಂಗಡಿಯೂ ಚೆನ್ನಾಗಿಯೇ ನಡೆಯುತ್ತಿತ್ತು.

ಫ್ಲ್ಯಾಟು ಆರನೆಯ ಅಂತಸ್ತಿನಲ್ಲಿ. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಕೆಳಗೆ ನೀಲಿ ಹಂಚು ಹಾಕಿದ ಈಜುಕೊಳ. ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಶರಣಬಸಮ್ಮ ಅಕ್ಕಿ ಆರಿಸುವ ಮೊರ ಹಿಡಿದು ಅಲ್ಲಿ ಕೂರುತ್ತಿದ್ದಳು. ಗಾಳಿ ಬಂದಾಗ ನೀರಿನ ಮೇಲಿನ ಬಿಸಿಲು ಸಣ್ಣ ಸಣ್ಣ ಚೂರಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಅವಳ ಕಣ್ಣು ತೂಗುತ್ತಿದ್ದವು, ಮೊರದೊಳಗೆ ಬೆರಳು ತಾವಾಗಿಯೇ ಸುಮ್ಮನಾಗುತ್ತಿದ್ದವು. ಎರಡು ವರ್ಷ ಹೀಗೆ ನೋಡಿದಳು. ಒಮ್ಮೆಯೂ ಕೆಳಗಿಳಿದು ಹೋಗಲಿಲ್ಲ. ಸೀರೆ ಉಟ್ಟವರಿಗೆ ಅಲ್ಲಿ ಏನು ಕೆಲಸ?

ಎರಡು ಸಾವಿರದ ಹನ್ನೊಂದರ ಬೇಸಿಗೆಯಲ್ಲಿ ವಿಜಯಶ್ರೀಗೆ ಬಡ್ತಿ ಸಿಕ್ಕಿತು. ಒಂದು ರವಿವಾರ ಊಟಕ್ಕೆ ಕೂತಾಗ ಅವಳು ಹೇಳಿದಳು: "ಅತ್ತೀ, ಮಾವಾರ, ಈ ಸಲ ಎಲ್ಲಾರೂ ಸಿಂಗಪುರಕ್ಕ ಹೋಗೋಣ್ರಿ. ಮೂರು ದಿನ ಊರಾಗ, ಆಮ್ಯಾಲ ಮೂರು ದಿನ ಹಡಗದಾಗ."

"ಹಡಗದಾಗ ಎಲ್ಲಿಗವ್ವ?" ಅಂದ ಅಮರೇಶಪ್ಪ.

"ಎಲ್ಲಿಗೂ ಅಲ್ರಿ. ಹಡಗದಾಗ ಇರೋದು, ಉಣ್ಣೋದು, ವಾಪಸ್ ಬರೋದು."

"ಎಲ್ಲಿಗೂ ಹೋಗದ ಹಡಗಾ!" ಅಮರೇಶಪ್ಪನಿಗೆ ಆ ವ್ಯವಹಾರ ತಿಳಿಯಲಿಲ್ಲ. ಆದರೆ ಏಳು ವರ್ಷದ ಮೊಮ್ಮಗಳು ದಾನೇಶ್ವರಿ ತಟ್ಟೆ ಬಿಟ್ಟೆದ್ದು ಕುಣಿಯತೊಡಗಿದ್ದರಿಂದ ಮುಂದಿನ ಮಾತು ಅಲ್ಲಿಗೇ ನಿಂತಿತು.

ಶರಣಬಸಮ್ಮ ಪ್ರಯಾಣದ ಬುತ್ತಿಗೆಂದು ಸಜ್ಜಿ ರೊಟ್ಟಿಯನ್ನು ಹಪ್ಪಳದಂತೆ ಕಟಿಯಾಗಿ ಬೇಯಿಸಿ ಒಣಗಿಸಿದಳು, ಶೇಂಗಾ ಹಿಂಡಿ ಕುಟ್ಟಿದಳು. ವಿಮಾನ ಮೇಲೇರಿದಾಗ ಗಂಡನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದವಳು, ಮೋಡದ ಮೇಲೆ ಬಂದ ಮೇಲೆ ಕೈ ಸಡಿಲಿಸಿ ಕಿಟಕಿಗೆ ಹಣೆ ಹಚ್ಚಿ ಕೂತಳು. ಕೆಳಗೆ ಅರಳೆ ಹರವಿದಂತಿತ್ತು.

ಸಿಂಗಪುರದ ಥೀಮ್ ಪಾರ್ಕಿನಲ್ಲಿ ಎಲ್ಲರಿಗಿಂತ ಹೆಚ್ಚು ಸುಖಪಟ್ಟವನು ಅಮರೇಶಪ್ಪ. ಆಕಾಶದಲ್ಲಿ ಸುತ್ತಿ ಸುತ್ತಿ ಬೀಳುವ ಗಾಡಿಯಲ್ಲಿ ಮೊಮ್ಮಗಳ ಒತ್ತಾಯಕ್ಕೆ ಕೂತು, ಮೊದಲ ಇಳಿತಕ್ಕೇ "ಬಸವಾ!" ಎಂದು ಎಷ್ಟು ಜೋರಾಗಿ ಕೂಗಿದನೆಂದರೆ ಕೆಳಗೆ ನಿಂತ ಶರಣಬಸಮ್ಮನಿಗೂ ಕೇಳಿಸಿತು. ಸತ್ತೇಹೋದರೇನೋ ಎಂದು ಅವಳು ಓಡಿದರೆ, ಅವನು ಕೆದರಿದ ಕೂದಲಲ್ಲಿ ಇಳಿದು ಬಂದು, "ಇನ್ನೊಮ್ಮಿ ಹತ್ತತೀನಿ. ಈ ಸಲ ಕಣ್ಣು ತೆರಕೊಂಡು ಕುಂಡ್ರತೀನಿ" ಎಂದು ಮತ್ತೆ ಸಾಲಿಗೆ ಹೋಗಿ ನಿಂತ. ನಾಲ್ಕು ಸಲ ಹತ್ತಿದ. ಶರಣಬಸಮ್ಮ ನೆರಳಿನ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕಾಲು ಚಾಚಿ, ಬಣ್ಣಬಣ್ಣದ ಕೋಟೆಗಳ ನಡುವೆ ಹರಿದು ಹೋಗುವ ಜನರನ್ನು ನೋಡುತ್ತ ಕೂತಳು. ಯಾರ ಮುಖದಲ್ಲೂ ಅವಸರವಿರಲಿಲ್ಲ. ಹಗಲಿಗೇ ಕನಸು ಬಿದ್ದ ಊರಿನ ಹಾಗಿತ್ತು.

ನಾಲ್ಕನೆಯ ದಿನ ಹಡಗು ಹತ್ತಿದರು. ಹಡಗು ಎಂದು ಅವಳು ಅಂದುಕೊಂಡಿದ್ದೇ ಬೇರೆ. ಇದು ಹನ್ನೆರಡು ಅಂತಸ್ತಿನ ಬಿಳೀ ಕಟ್ಟಡ, ಕೊಂಡಾಪುರದ ಯಾವುದೋ ಅಪಾರ್ಟ್‌ಮೆಂಟು ನೀರಿಗಿಳಿದು ಹೊರಟಂತೆ. ಅವಳು ಸಮುದ್ರವನ್ನು ನೋಡಿದ್ದೂ ಅದೇ ಮೊದಲು. ಊರು ಕರಗಿ, ಬಂದರಿನ ಕ್ರೇನುಗಳು ಕರಗಿ, ಕೊನೆಗೆ ನಾಲ್ಕೂ ದಿಕ್ಕಿಗೆ ನೀರೊಂದೇ ಉಳಿದಾಗ ಅವಳು ಕಟಕಟೆ ಹಿಡಿದು ನಿಂತೇ ಇದ್ದಳು. ಅವಳಿಗೆ ಗೊತ್ತಿದ್ದ ನೀರಿಗೆಲ್ಲ ಆಚೆ ದಂಡೆಯಿತ್ತು. ಇದಕ್ಕಿಲ್ಲ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಎದೆಯೊಳಗೆ ಏನೋ ಮೆಲ್ಲಗೆ ಅಗಲವಾದಂತಾಯಿತು.

ಮರುದಿನ ಬೆಳಗ್ಗೆ ದಾನೇಶ್ವರಿ ಒಂದು ಚೀಟಿ ಹಿಡಿದು ಓಡಿ ಬಂದಳು. ಹಡಗಿನ ಮೇಲಂತಸ್ತಿನ ಕೊಳದಲ್ಲಿ ಸಂಜೆ ನಾಲ್ಕಕ್ಕೆ ಕುಟುಂಬಗಳ ಈಜು ಸ್ಪರ್ಧೆ. ಒಂದು ಮನೆಯಿಂದ ಒಂದು ಮಗು, ಒಬ್ಬರು ದೊಡ್ಡವರು. ಮಗು ಆ ತುದಿಗೆ ಮುಟ್ಟಿದ ಮೇಲೆ ದೊಡ್ಡವರು ಅಲ್ಲಿಂದ ಈ ತುದಿಗೆ ಬರಬೇಕು. ದಾನೇಶ್ವರಿ ವರ್ಷದಿಂದ ಅಪಾರ್ಟ್‌ಮೆಂಟಿನ ಕೊಳದಲ್ಲಿ ಈಜು ಕಲಿಯುತ್ತಿದ್ದಳು.

"ಪಪ್ಪಾ, ನೀ ಬಾ!"

ಮಹೇಶ ನಕ್ಕ. "ನಾ ಬೇಗಂ ಬಜಾರದಾಗ ಬೆಳದಾಂವ. ಡ್ರಮ್ಮಿನಾಗ ಈಜ ಅಂದ್ರ ಈಜತೀನಿ."

"ಮಮ್ಮಿ?"

"ನಾ ನಾಕ ದಿನ ಕ್ಲಾಸಿಗೆ ಹೋಗಿ ಮೂಗಿನಾಗ ನೀರು ಹೋತಂತ ಬಿಟ್ಟೆನಲ್ಲವ್ವ" ಅಂದಳು ವಿಜಯಶ್ರೀ. ಮಗಳ ಮುಖ ಸಣ್ಣದಾದದ್ದು ಕಂಡು ಅವಳಿಗೂ ಸಂಕಟವಾಯಿತು.

ಶರಣಬಸಮ್ಮ ಚಹಾದ ಕಪ್ಪು ಕೆಳಗಿಟ್ಟಳು. "ನಾ ಬರ್ತೀನಿ" ಅಂದಳು.

ಅವಳು ಬೇರೆ ಏನೋ ಹೇಳಿರಬೇಕು, ತಾವು ತಪ್ಪು ಕೇಳಿಸಿಕೊಂಡಿರಬೇಕು ಎಂಬಂತೆ ಎಲ್ಲರೂ ನೋಡಿದರು.

"ನಿನಗ ಈಜು ಬರ್ತೈತಿ?" ಅಮರೇಶಪ್ಪ ಕೇಳಿದ.

"ಬರ್ತೈತ್ರಿ. ದಿನಾ ಹೊಳಿ ದಾಟತಿದ್ದೆ."

"ಇಷ್ಟು ವರ್ಷದಾಗ ಒಂದಿನಾನೂ ಹೇಳಲಿಲ್ಲಲ್ಲ!"

"ಯಾವಾಗ ಹೇಳಲಿರಿ? ನಾಕ ಡ್ರಮ್ಮಿನ ಮುಂದ ಕುಂತು ಹೇಳೂ ಮಾತೇನದು?"

ಸೀರೆಯಲ್ಲಿ ಕೊಳಕ್ಕಿಳಿಯಬಾರದೆಂದು ಹಡಗಿನ ನಿಯಮ. ವಿಜಯಶ್ರೀ ಎದ್ದು ಹಡಗಿನೊಳಗಿನ ಅಂಗಡಿಗೆ ಹೋದಳು. ಅರ್ಧ ತಾಸಿನ ಮೇಲೆ ತೋಳು, ಮೊಣಕಾಲು ಎರಡನ್ನೂ ಮುಚ್ಚುವ ಕಪ್ಪು ಈಜುಡುಪು ತಂದಳು. ಇಕ್ಕಟ್ಟಾದ ಕ್ಯಾಬಿನ್ನಿನಲ್ಲಿ ಅತ್ತೆ ಸೊಸೆ ಇಬ್ಬರೇ. ಮೈಗಂಟುವ ಆ ಬಟ್ಟೆಯೊಳಗೆ ಐವತ್ತನಾಲ್ಕು ವರ್ಷದ ದೇಹವನ್ನು ತೂರಿಸುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಕನ್ನಡಿಯ ಮುಂದೆ ನಿಂತಾಗ ಶರಣಬಸಮ್ಮನ ನಗು ನಿಂತಿತು.

"ಬ್ಯಾಡ ಬಿಡವಾ. ನಿಮ್ಮ ಮಾವಾರು ಏನಂತಾರೋ ಏನೋ."

"ಮಾವಾರು ನಾಕ ಸಲ ಆ ಗಾಡಿ ಹತ್ಯಾರ್ರಿ. ಅವರಿಗೆ ಈಗ ಏನೂ ಅನ್ನಾಕ ಬಾಯಿಲ್ಲ." ವಿಜಯಶ್ರೀ ಅತ್ತೆಯ ಹೆರಳನ್ನು ಬಿಗಿಯಾಗಿ ತುರುಬು ಕಟ್ಟಿದಳು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಒಳಗೆ ಸೇರಿಸಿ, ಶಿವದಾರಕ್ಕೆ ಇನ್ನೊಂದು ಗಂಟು ಹಾಕಿದಳು. ಇಷ್ಟು ವರ್ಷದಲ್ಲಿ ಸೊಸೆಯ ಕೈ ತನ್ನ ತಲೆಯ ಮೇಲೆ ಅಷ್ಟು ಹೊತ್ತು ಇದ್ದದ್ದು ಇದೇ ಮೊದಲು ಎಂದು ಶರಣಬಸಮ್ಮನಿಗೆ ಅನ್ನಿಸಿತು.

ಬಾಗಿಲಾಚೆ ಅಮರೇಶಪ್ಪ ನಿಂತಿದ್ದ. ಒಂದು ಗಳಿಗೆ ಹೆಂಡತಿಯನ್ನು ನೋಡಿದ. ಆಮೇಲೆ ದೊಡ್ಡ ಟವೆಲ್ಲನ್ನು ಬಿಡಿಸಿ ಅವಳ ಹೆಗಲಿಗೆ ಹೊದಿಸಿ, ಕೊಳದವರೆಗೂ ಅವಳ ಪಕ್ಕದಲ್ಲೇ ನಡೆದ. ಅಂಚಿನಲ್ಲಿ ನಿಂತು ಬಗ್ಗಿ ನೀರಿಗೆ ಕೈಯಿಟ್ಟು ನೋಡಿ, "ಥಂಡಿ ಏನಿಲ್ಲ. ಹೋಗು" ಅಂದ.

ಏಳು ಕುಟುಂಬಗಳಿದ್ದವು. ಸೀಟಿ ಊದಿದೊಡನೆ ಮಕ್ಕಳು ನೀರಿಗೆ ಬಿದ್ದರು. ದಾನೇಶ್ವರಿ ಮೂರನೆಯವಳಾಗಿ ಬಂದು ಅಜ್ಜಿಯ ಪಾದದ ಹತ್ತಿರ ಗೋಡೆ ಮುಟ್ಟಿ, "ಆಯೀ, ಜಲ್ದಿ!" ಎಂದು ಚೀರಿದಳು. ಪಕ್ಕದವರೆಲ್ಲ ಧುಮುಕಿದರು. ಶರಣಬಸಮ್ಮ ಧುಮುಕಲಿಲ್ಲ. ಹೊಳೆಗಿಳಿಯುವ ಹಾಗೆ ಕಾಲು ಇಟ್ಟು, ಸದ್ದಿಲ್ಲದೆ ಜಾರಿದಳು.

ಒಂದು ಉಸಿರು ಅವಳ ಮೈ ತಡವರಿಸಿತು. ಆಮೇಲೆ ಕೈ ತಾವಾಗಿಯೇ ನೀರನ್ನು ಎರಡು ಕಡೆಗೆ ಸರಿಸಿದವು. ತಲೆಯನ್ನು ಎತ್ತಿಯೇ ಹಿಡಿದು, ಒಂದು ಹನಿಯೂ ಸಿಡಿಯದಂತೆ ಅವಳು ಮುಂದೆ ಹೋದಳು. ಅತ್ತಿತ್ತ ಜನ ನೀರನ್ನು ಬಡಿದು ನೊರೆಯೆಬ್ಬಿಸುತ್ತ ಅವಳನ್ನು ದಾಟಿದರು. ಅವಳಿಗೆ ಅದು ಕಾಣಲೇ ಇಲ್ಲ. ಕೈಗೆ ನೀರಿನ ಭಾರ ಸಿಗುತ್ತಿತ್ತು. ಬಿಸಿಲಿನ ವಾಸನೆ, ಎಲ್ಲಿಯದೋ ಹಣ್ಣಿನ ಸಿಹಿ ವಾಸನೆ ಬಂದಂತಾಗುತ್ತಿತ್ತು. ಐದನೆಯವಳಾಗಿ ಗೋಡೆ ಮುಟ್ಟಿದಳು. ಮುಟ್ಟಿದವಳು ನಿಲ್ಲಲಿಲ್ಲ, ತಿರುಗಿ ಮತ್ತೆ ಹೊರಟಳು.

ಸ್ಪರ್ಧೆ ಮುಗಿಯಿತೆಂದು ಹೇಳಲು ಕಾವಲಿನ ಹುಡುಗಿ ಸೀಟಿಯನ್ನು ಬಾಯಿಗಿಟ್ಟುಕೊಂಡವಳು ಊದದೆ ಇಳಿಸಿದಳು. ಗೆದ್ದವರಿಗೆ ಬಹುಮಾನ ಕೊಟ್ಟಾಯಿತು, ಫೋಟೋ ತೆಗೆದಾಯಿತು, ಜನ ಚಹಾಕ್ಕೆ ಹೋದರು. ಶರಣಬಸಮ್ಮ ಹೋಗುತ್ತಿದ್ದಳು, ಬರುತ್ತಿದ್ದಳು. ಕೊನೆಗೆ ಕೊಳದ ನಡುವೆ ಅಂಗಾತ ಮಲಗಿ ಕೈಕಾಲು ಸಡಿಲ ಬಿಟ್ಟಳು. ಕಿವಿ ನೀರಿನೊಳಗೆ ಹೋದೊಡನೆ ಲೋಕದ ಸಪ್ಪಳ ಅಡಗಿತು. ಮೇಲೆ ಸಂಜೆಯ ಆಕಾಶ. ಕೆಳಗೆ ಕೊಳ, ಕೊಳದ ಕೆಳಗೆ ಹಡಗು, ಹಡಗಿನ ಕೆಳಗೆ ಅಳತೆಯಿಲ್ಲದ ನೀರು. ನೀರು ಅವಳನ್ನು ಹೊತ್ತಿತ್ತು, ಆ ನೀರನ್ನು ಇನ್ನೊಂದು ನೀರು ಹೊತ್ತು ನಡೆದಿತ್ತು. ತಾನು ಯಾರ ಹೆಂಡತಿ, ಯಾರ ತಾಯಿ ಅನ್ನುವುದೂ ಆಗ ಅವಳಿಗೆ ದೂರದ ಸುದ್ದಿಯಂತಿತ್ತು.

ದಾನೇಶ್ವರಿ ಪಕ್ಕಕ್ಕೆ ಈಜಿ ಬಂದು ಅವಳಂತೆಯೇ ಮಲಗಲು ನೋಡಿದಳು, ಮುಳುಗಿ ಕೆಮ್ಮಿದಳು, ನಕ್ಕಳು. "ಆಯೀ, ನಾವು ಸೋತೆವು, ಗೊತ್ತೇನು?"

"ಹೌದಾ?" ಅಂದಳು ಶರಣಬಸಮ್ಮ. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ.

ಅಮರೇಶಪ್ಪ ಒಣ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತಾಸು ಕುರ್ಚಿಯಲ್ಲಿ ಕೂತಿದ್ದ. ಅವಳು ಮೇಲೆ ಬಂದಾಗ ಬೆರಳ ತುದಿಗಳೆಲ್ಲ ಸುಕ್ಕಾಗಿದ್ದವು. ಅವನು ಅವುಗಳನ್ನು ಹಿಡಿದು ನೋಡಿದ.

"ಮರತಿದ್ದಿಲ್ಲೇನು?"

"ಮರತಂಗನ ಆಗಿತ್ತರಿ. ಕಾಲು ಇಟ್ಟ ಮ್ಯಾಲ ಬಂತು."

"ಆ ನಿಮ್ಮ ಹೊಳಿ ಎಷ್ಟು ಅಗಲ ಇತ್ತು?"

ಅವಳು ಹೇಳತೊಡಗಿದಳು. ಉಸುಕಿನ ಹೊಲ, ರಾತ್ರಿ ನರಿಗಳು ಒಡೆದು ತಿಂದ ಕಲ್ಲಂಗಡಿ, ಮೊಳಕಾಲೂರಿ ಬಳ್ಳಿಗೆ ನೀರುಣಿಸುತ್ತಿದ್ದ ಅಪ್ಪ, ಮಳೆಗಾಲದಲ್ಲಿ ಕೆಂಪಾಗಿ ಬರುತ್ತಿದ್ದ ಹೊಸ ನೀರು. ಗಿರಾಕಿಯ ಮಾತನ್ನೂ ನಡುವೆ ಕತ್ತರಿಸುವ ಅಭ್ಯಾಸದ ಅಮರೇಶಪ್ಪ ಅಂದು ಒಂದು ಮಾತೂ ನಡುವೆ ಆಡಲಿಲ್ಲ. ಸೂರ್ಯ ಮುಳುಗಿ ಸಮುದ್ರ ನೇರಳೆಯಾಗುವವರೆಗೂ ಅವಳು ಹೇಳುತ್ತಿದ್ದಳು, ಅವನು ಕೇಳುತ್ತಿದ್ದ.

ಹೈದರಾಬಾದಿಗೆ ಮರಳಿದ ಮೂರನೆಯ ದಿನ ಶರಣಬಸಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ಮನೆಯ ಗಂಟೆ ಒತ್ತಿದಳು. ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ಕೊಳವನ್ನು ಹೆಂಗಸರಿಗೆ ಮಾತ್ರ ಬಿಡಬೇಕೆಂದು ತನಗೆ ಬರುವ ಹರುಕು ತೆಲುಗಿನಲ್ಲಿ ಕೇಳಿದಳು. ಆ ಹೊತ್ತಿಗೆ ಕೊಳ ಖಾಲಿಯೇ ಇರುತ್ತದಲ್ಲ ಎಂದು ಆತ ಒಪ್ಪಿದ. ಮೊದಲ ವಾರ ಅವಳೊಬ್ಬಳೇ ಇಳಿದಳು. ಬಾಲ್ಕನಿಗಳಿಂದ ಹೆಂಗಸರು ಬಗ್ಗಿ ನೋಡಿದರು. ಎರಡನೆಯ ವಾರ ಇಬ್ಬರು ಬಂದು ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರು. ದಸರೆಯ ಹೊತ್ತಿಗೆ ಒಂಬತ್ತು ಜನರಾದರು. ಎಲ್ಲರೂ ಐವತ್ತು ದಾಟಿದವರು, ಮಕ್ಕಳ ನೌಕರಿಯ ಹಿಂದೆ ಬಂದು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು.

ಅವರಲ್ಲಿ ಹುಮನಾಬಾದಿನ ಶಿವದೇವಿಗೆ ನೀರೆಂದರೆ ಜೀವ ಹೋಗುವಷ್ಟು ಹೆದರಿಕೆ. ಎರಡು ತಿಂಗಳಾದರೂ ಮೆಟ್ಟಿಲಿನ ಸರಳು ಬಿಟ್ಟವಳಲ್ಲ. ಕಾರ್ತಿಕದ ಒಂದು ಬೆಳಗ್ಗೆ, ಹಿತವಾದ ಬಿಸಿಲಿನಲ್ಲಿ, ಶರಣಬಸಮ್ಮ ಅವಳನ್ನು ಅಂಗಾತ ಮಲಗಿಸಿ ಬೆನ್ನಿನ ಕೆಳಗೆ ಅಂಗೈಯಿಟ್ಟು ನಿಂತಳು.

"ಬಿಡಬ್ಯಾಡ್ರಿ ಅಕ್ಕ, ಬಿಡಬ್ಯಾಡ್ರಿ" ಎಂದು ಶಿವದೇವಿ ಕಣ್ಣು ಮುಚ್ಚಿಕೊಂಡು ಗುಣುಗುಟ್ಟುತ್ತಿದ್ದಳು.

"ಇಲ್ಲೇ ಅದೀನಿ, ತಂಗಿ. ಮಾರಿ ಮ್ಯಾಲ ಮಾಡು. ಉಸುರು ಬಿಡು."

ಹೀಗೆನ್ನುತ್ತ ಅವಳು ಕೈಯನ್ನು ಮೆಲ್ಲಗೆ ತೆಗೆದಿದ್ದಳು. ಶಿವದೇವಿ ತೇಲುತ್ತಿದ್ದಳು, ಅದು ಅವಳಿಗಿನ್ನೂ ಗೊತ್ತಿರಲಿಲ್ಲ.