ಯುರೋಪಿಗೆ ಹೋಗಿ ಬಂದ ಹಸುಗಳು

ನಾನು ಮಾಡುವ ಕೆಲಸ ಏನೆಂದು ಅತ್ತೆಗೆ ಹೇಳಿ ಹೇಳಿ ಸಾಕಾಗಿ, "ಕಂಪ್ಯೂಟರ್ ಕೆಲಸ" ಎಂದಷ್ಟೇ ಹೇಳಿ ಸುಮ್ಮನಾಗಿದ್ದೆ. ಹಿಂದೂಪುರದ ಕಡೆಯಿಂದ ಆವತಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ. ಸಿಟ್ಟು ಬಂದರೆ ನನ್ನ ಬಾಯಲ್ಲಿ ಈಗಲೂ ತೆಲುಗೇ ಬರುತ್ತದೆ, ಸಿಟ್ಟು ಬರುವುದೂ ಹೆಚ್ಚು. ಹೊಸಬರು ಯಾರಾದರೂ ಕೇಳಿದರೆ ಅತ್ತೆ, "ಇವ್ಳು ಆ ಸೀಮೆಯೋಳು" ಎಂದು ಉತ್ತರ ದಿಕ್ಕಿನತ್ತ ಕೈ ಬೀಸುತ್ತಿದ್ದರು. ಅದು ಬೈಗುಳವಲ್ಲ, ಗೊತ್ತು. ಆದರೂ ಪ್ರತಿಸಲ ಚುರುಕ್ಕೆನ್ನುತ್ತಿತ್ತು.

ಅಂಥ ಅತ್ತೆ ನನ್ನ ಕೆಲಸದ ಪರವಾಗಿ ಊರೆದುರು ಮಾತು ಕೊಟ್ಟುಬಿಟ್ಟರು. ದೇವನಹಳ್ಳಿ ಪೇಟೆಯಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಆರೇ ಜನರ ಕಂಪನಿ ನಮ್ಮದು. ನಾವು ಮಾಡಿದ ಆ್ಯಪಿನಲ್ಲಿ ಹಸುವಿನ ಫೋಟೊ, ಬೆದೆಗೆ ಬಂದ ದಿನ, ಕರು ಹಾಕಿದ ದಿನ, ಲಸಿಕೆ ಎಲ್ಲ ಬರೆದಿಡಬಹುದು. ಗುಂಡಿ ಒತ್ತಿದರೆ ದನದ ಡಾಕ್ಟರಿಗೆ ಅಷ್ಟೂ ಕಾಣುತ್ತದೆ. ಕೀನ್ಯಾದ ಒಂದು ಗುಂಪು, ಐರ್ಲೆಂಡಿನ ಒಂದು ಗುಂಪು ಆಗಲೇ ಒಪ್ಪಿದ್ದವು. ನಮ್ಮೂರಿನ ಹೆಂಗಸರ ಹಾಲಿನ ಡೈರಿಗೆ ಅತ್ತೆಯೇ ಅಧ್ಯಕ್ಷೆ. "ನಮ್ ಸೊಸೆ ಮಾಡವ್ಳೆ. ಹದಿನೈದು ದಿನ ನೋಡನ, ಸರಿಹೋಗ್ಲಿಲ್ವಾ, ಬಿಟ್ಟಾಕನ" ಎಂದು ಎಲ್ಲರನ್ನೂ ಒಪ್ಪಿಸಿದರು. ಹದಿನೈದು ದಿನ ಕಳೆದ ಮೇಲೆ ಬರುವ ಭಾನುವಾರದ ಸಭೆಯಲ್ಲಿ ತೀರ್ಮಾನ. ಆ್ಯಪು ಗೆಲ್ಲುವುದಕ್ಕಿಂತ ಅತ್ತೆಯ ಮಾತು ಉಳಿಯಬೇಕು ಎಂಬುದೇ ನನಗೆ ದೊಡ್ಡ ಚಿಂತೆಯಾಯಿತು.

ಸರ್ವರ್ ಎಲ್ಲಿರಬೇಕು ಎಂದು ಆರಿಸುವ ಕೆಲಸ ನನ್ನದು. ಎಲ್ಲರ ಹಸುಗಳ ವಿವರವನ್ನೂ ಕೂಡಿಟ್ಟುಕೊಳ್ಳುವ ದೂರದ ಕಂಪ್ಯೂಟರುಗಳು ಅವು. ಬಾಡಿಗೆಗೆ ಕೊಡುವವರು ಲೋಕದ ತುಂಬ ಇಟ್ಟಿರುತ್ತಾರೆ, ಬೇಕಾದ ಊರು ನಾವು ಆರಿಸಿಕೊಳ್ಳಬೇಕು. ಎಲ್ಲವನ್ನೂ ಒಂದೇ ಕಡೆ ಇಡೋಣ, ನೋಡಿಕೊಳ್ಳಲು ಸಲೀಸು ಎಂದ ಸಹೋದ್ಯೋಗಿಯ ಜೊತೆ ಎರಡು ದಿನ ಜಗಳವಾಡಿದೆ. "ಊರಿಗೊಂದು ಡೈರಿ ಯಾಕಿದೆ ಗುರು? ಕ್ಯಾನ್ ಹೊತ್ಕೊಂಡು ಎಲ್ರೂ ಬೆಂಗ್ಳೂರಿಗೇ ಹೋದ್ರೆ ಹಾಲು ಒಡೆದೋಗಲ್ವಾ?" ಎಂದೆ. ಸರ್ವರ್ ದೂರವಾದಷ್ಟೂ ಫೋನಿಗೆ ವಿವರ ಬರುವುದು ತಡ. ಅಲ್ಲದೆ ಯುರೋಪಿನವರ ವಿವರವನ್ನು ಹೊರಗೆ ಒಯ್ಯಲು ಅಲ್ಲಿನ ಕಾನೂನು ಸುಲಭವಾಗಿ ಬಿಡುವುದಿಲ್ಲ. ಕಡೆಗೆ ನಾನೇ ಗೆದ್ದೆ. ನಮ್ಮವರಿಗೆ ಮುಂಬೈ, ಐರ್ಲೆಂಡಿನವರಿಗೆ ಡಬ್ಲಿನ್, ಕೀನ್ಯಾದವರಿಗೆ ಕೇಪ್‌ಟೌನ್.

ಯಾವ ಹಸುವಿನ ವಿವರ ಎಲ್ಲಿಗೆ ಹೋಗಬೇಕೆಂದು ತಿಳಿಯಲು ಫಾರಂನಲ್ಲಿ ಒಂದು ಸಾಲು ಬೇಕಿತ್ತು. ಫೋನೇ ಊರು ಪತ್ತೆ ಮಾಡುವಂತೆ ಮಾಡಬಹುದಿತ್ತು. ಜನರನ್ನು ಬಾಯಿ ಬಿಟ್ಟು ಕೇಳುವುದೇ ಮರ್ಯಾದೆ ಎಂದು ಹಟ ಹಿಡಿದವಳೂ ನಾನೇ. ರೀಜನ್ ಎಂಬ ಮಾತಿಗೆ 'ಪ್ರದೇಶ' ಬರೆದೆ, 'ವಲಯ' ಬರೆದೆ, ಎರಡರಲ್ಲೂ ತಾಲ್ಲೂಕು ಕಚೇರಿಯ ವಾಸನೆ ಬಂತು. ಹೊಡೆದುಹಾಕಿ, 'ಹಸುವಿನ ಸೀಮೆ: ಏಷ್ಯಾ, ಯುರೋಪ್, ಆಫ್ರಿಕಾ' ಎಂದು ಹಾಕಿದೆ. ಅಚ್ಚ ಕನ್ನಡವೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಾರವಾಗುವಷ್ಟರಲ್ಲಿ ಹಾಲು ಹಾಕಲು ಬಂದವರದೆಲ್ಲ ಒಂದೇ ರಾಗ. "ಏನವ್ವಾ ನಿನ್ ಆ್ಯಪು? ಫೋಟೊ ಕಾಣೋ ಹೊತ್ಗೆ ಹಸು ಮೇವು ಮುಗಿಸಿ ಮೆಲುಕು ಹಾಕ್ತಾ ಕೂತಿರ್ತದೆ" ಎಂದು ಪಕ್ಕದ ಮನೆಯಾಕೆ ಎಲ್ಲರೆದುರು ಅಂದಳು. ನಗು ಎದ್ದಿತು. ಅತ್ತೆ ಮಾತ್ರ, "ನಂದು ಚೆನ್ನಾಗೇ ಬತ್ತದೆ, ನಿಮ್ ಫೋನೇ ಸರಿಯಿಲ್ಲ" ಎಂದು ದಬಾಯಿಸಿದರು. ಅವರದೋ ಗಾಜು ಒಡೆದ, ಊರಿಗೇ ಹಳೆಯ ಫೋನು. ನನ್ನ ಮಾನ ಕಾಯಲು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡು ನಾಚಿಕೆಯಿಂದ ಕುಗ್ಗಿಹೋದೆ.

ಸಭೆಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಆ ಫೋನನ್ನು ಇಸಿದುಕೊಂಡು ನೋಡಿದೆ. ಒತ್ತಿದ ತಕ್ಷಣ ಅವರ ಹಸು ಕಿವಿಯೋಲೆ ಸಮೇತ ಕಣ್ಣೆದುರು ನಿಂತಿತು. ಕಚೇರಿಗೆ ಓಡಿ ಪಟ್ಟಿ ತೆಗೆದೆ. ನಮ್ಮೂರಿನ ಮುಕ್ಕಾಲು ಪಾಲು ಹಸುಗಳು ಡಬ್ಲಿನ್ನಿನಲ್ಲಿದ್ದವು! ಒಂದು ಪುಟ ಕಾಣಲು ಫೋನು ಹತ್ತಾರು ಸಲ ಐರ್ಲೆಂಡಿಗೆ ಹೋಗಿ ಬರುತ್ತಿತ್ತು.

ಪಕ್ಕದ ಮನೆಯಾಕೆಗೆ ಫೋನ್ ಮಾಡಿ, "ಅಕ್ಕಾ, ಯುರೋಪ್ ಅಂತ ಯಾಕೆ ಒತ್ತಿದ್ರಿ?" ಎಂದು ಕೇಳಿದೆ.

"ಮತ್ತೇನೊತ್ತನ? ನಮ್ದು ಸೀಮೆಹಸು ಅಲ್ವಾ? ಇದ್ರ ತಾತ ಹಾಲೆಂಡಿನೋನು ಅಂತ ಡಾಕ್ಟ್ರೇ ಹೇಳವ್ರೆ. ನಾಟಿಹಸು ಇದ್ದೋರು ಏಷ್ಯಾ ಒತ್ತವ್ರೆ."

ನಾನು ಕುರ್ಚಿಯಲ್ಲೇ ಬಿದ್ದು ಬಿದ್ದು ನಕ್ಕೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ: ಹೊರಗಿಂದ ಬಂದದ್ದೆಲ್ಲ ಇಲ್ಲಿ ಸೀಮೆಯದೇ. ಹನ್ನೊಂದು ವರ್ಷ ಆ ಸೀಮೆಯೋಳು ಅನ್ನಿಸಿಕೊಂಡವಳಿಗೆ ಇದು ಹೊಳೆಯಲಿಲ್ಲವಲ್ಲ!

ಆದರೆ ಅತ್ತೆಯ ಹಸುವೂ ಸೀಮೆಹಸುವೇ. ಊಟಕ್ಕೆ ಮನೆಗೆ ಬಂದಾಗ ಕೇಳಿದೆ, "ನೀವು ಯಾಕತ್ತೆ ಏಷ್ಯಾ ಒತ್ತಿದ್ರಿ?"

ಅವರು ಮುದ್ದೆ ಮುರಿಯುತ್ತಲೇ ಹೇಳಿದರು: "ಅದ್ರ ತಾತನ್ ಊರು ಕಟ್ಕೊಂಡು ನಂಗೇನಮ್ಮ? ಎಲ್ಲಿ ಕಟ್ಟಿದ್ದೀವಿ ಅಂತ ನೋಡ್ಬೇಕು. ನಮ್ ಹುಲ್ಲು ತಿಂದು ನಮ್ ಡೈರಿಗೆ ಹಾಲು ಕೊಡೋದು ನಮ್ ಸೀಮೆದೇ ಕಣಮ್ಮ."

ಆ ಮಧ್ಯಾಹ್ನವೇ ನಮ್ಮೂರಿನ ಹಸುಗಳನ್ನೆಲ್ಲ ಮುಂಬೈಗೆ ಹೊಡೆದುಕೊಂಡು ಬಂದೆವು. ಫಾರಂನ ಸಾಲನ್ನು 'ಹಸು ಎಲ್ಲಿ ಕಟ್ಟಿದ್ದೀರಿ?' ಎಂದು ಬದಲಾಯಿಸಿದೆ. ಕೀನ್ಯಾದಲ್ಲಿ ಅನುವಾದ ಮಾಡುವಾಕೆಗೆ ಕಥೆಯನ್ನೆಲ್ಲ ಬರೆದು ಕಳಿಸಿದರೆ, ಆಕೆಯೂ ನಕ್ಕು ಅಲ್ಲಿನ ಭಾಷೆಯಲ್ಲಿ ಅದನ್ನೇ ಹಾಕಿದಳು. ಐರ್ಲೆಂಡಿನವರ ಫಾರಂನಲ್ಲೂ ಅದೇ ಬಂತು. ಅತ್ತೆಯ ಮಾತು ಈಗ ಮೂರು ಖಂಡಗಳಲ್ಲಿ ಓಡಾಡುತ್ತಿದೆ.

ಭಾನುವಾರ ಡೈರಿ ಮುಂದೆ ಹೆಂಗಸರೆಲ್ಲ ಒಟ್ಟಿಗೆ ಒತ್ತಿದರು. "ಅಯ್ಯೋ, ಬಂದ್ಬಿಡ್ತಲ್ಲೇ!" ಎಂದು ಪಕ್ಕದ ಮನೆಯಾಕೆ ಕೂಗಿದಳು. ತನ್ನ ಹಸು ಫಾರಿನ್ ಸುತ್ತಿ ಬಂತೆಂದು ಎಲ್ಲರಿಗೂ ಹೇಳಿಕೊಂಡು ಬೀಗಿದಳು. ಆ್ಯಪು ಇರಲಿ ಎಂದು ಎಲ್ಲರೂ ಕೈಯೆತ್ತಿದರು.

ಆ್ಯಪು ನೋಡಿಕೊಂಡು ಹೋಗಲು ನಮ್ಮದೇ ತಾಲ್ಲೂಕಿನ ನಲ್ಲೂರಿನಿಂದ ಬಂದಿದ್ದ ಹೆಂಗಸೊಬ್ಬರು ನನ್ನತ್ತ ತಿರುಗಿ, "ಯಾವ್ ಸೀಮೆಯೋಳಕ್ಕಾ ನಿನ್ ಸೊಸೆ?" ಎಂದು ಅತ್ತೆಯನ್ನು ಕೇಳಿದರು. ನಾನು ಆ ಕೈ ಉತ್ತರ ದಿಕ್ಕಿನತ್ತ ಏಳುವುದನ್ನೇ ಕಾದೆ.

ಕೈ ಏಳಲಿಲ್ಲ. "ನಮ್ ಸೀಮೆಯೋಳೇ" ಎಂದರು ಅತ್ತೆ. "ಹಾಲು ಕರಿಯೋದೊಂದು ಕಲೀಬೇಕು, ಅಷ್ಟೇ."