ತಂದೂರ್ ಹೊತ್ತಿಸಿದ ಮಧ್ಯಾಹ್ನ

ಪಕ್ಕದ ಫ್ಲ್ಯಾಟಿನಲ್ಲಿ ಬಡಗಿಗಳು ಪೈನ್ ಮರ ಕೊಯ್ಯುತ್ತಿದ್ದಾರೆ. ಕಾಂದಿವಲಿಯ ಈ ಬೆವರಿನ ಮಧ್ಯಾಹ್ನದಲ್ಲಿ ಆ ಪರಿಮಳ ಬಾಗಿಲ ಸಂದಿಯಿಂದ ನುಸುಳಿ ಬಂದು, ನನ್ನನ್ನು ಮೆಲ್ಲಗೆ ಎತ್ತಿ ಹಿಮಾಚಲದ ಒಂದು ಬೆಟ್ಟದ ಮನೆಯಲ್ಲಿ ಇಳಿಸಿಬಿಟ್ಟಿತು. ಅದು ಅಕ್ಕನ ಮನೆ. ನೀವೂ ಬನ್ನಿ, ಸ್ವೆಟರ್ ಮಾತ್ರ ಮರೆಯಬೇಡಿ.

ಅಕ್ಕ ಅಂಧೇರಿಯ ಆಫೀಸಿನಲ್ಲಿ ಜೊತೆಗಿದ್ದ ಪಹಾಡಿ ಹುಡುಗನನ್ನು ಮದುವೆಯಾಗಿ ಅವನೂರಿಗೆ ಹೋದಳು. ಅಪ್ಪ ಮದುವೆಗೂ ಹೋಗಲಿಲ್ಲ, ಆಮೇಲೆ ಮಾತೂ ಆಡಲಿಲ್ಲ. ಸಯನ್ನಿನ ಚಾಳಿನ ಒಂದೇ ಖೋಲಿಯಲ್ಲಿ ಒಬ್ಬರ ಉಸಿರು ಒಬ್ಬರಿಗೆ ತಾಗುವಂತೆ ಮಲಗಿ ಬೆಳೆದವರು ನಾವು. ಅಲ್ಲಿ ಸಿಟ್ಟು ಬಂದರೂ ಮುಖ ತಿರುಗಿಸಲು ಜಾಗವಿರಲಿಲ್ಲ. ಕೆಲವು ವರ್ಷ ಕಾದು ನೋಡಿದ ಅವ್ವ ಒಂದು ಚಳಿಗಾಲ, "ನೀವು ಬರಲಿಲ್ಲಂದ್ರ ನಾ ಊಟಾನ ಬಿಡ್ತೀನಿ ನೋಡ್ರಿ" ಎಂದಳು. ಅಪ್ಪ ಅಟ್ಟದಿಂದ ಸೂಟ್‌ಕೇಸು ಇಳಿಸಿದರು.

ಆ ಮನೆಯೊಳಗೆ ಚಳಿಯೇ ಇರಲಿಲ್ಲ. ಸ್ವೆಟರ್ ಮೇಲೆ ಸ್ವೆಟರ್ ತೊಟ್ಟು ಲೋಡಿನಂತಾಗಿದ್ದ ನನಗೆ ನಾಚಿಕೆಯಾಯಿತು. ಭಾವ ಹೀಟ್ ಪಂಪ್ ಹಾಕಿಸಿದ್ದರು. ನಮ್ಮ ಎ.ಸಿ.ಯನ್ನೇ ತಿರುವುಮುರುವು ಮಾಡಿದಂಥ ಯಂತ್ರ. ಹಿಮದ ನಡುವೆ ನಿಂತ ಪೆಟ್ಟಿಗೆಯೊಂದು ಗುಂಯ್‌ಗುಡುತ್ತ, ಕೊರೆಯುವ ಗಾಳಿಯಲ್ಲೂ ಅಡಗಿದ್ದ ಚೂರುಪಾರು ಶಾಖ ಹೆಕ್ಕಿ ಒಳಗೆ ತರುತ್ತಿತ್ತು. ಅದು ಹೇಗೆಂದು ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ. ಪ್ರತಿ ಕೋಣೆಯೂ ಬೆಚ್ಚಗಿತ್ತು. ಹಾಗಾಗಿ ಅಪ್ಪನಿಗೆ ತಮ್ಮ ಕೋಣೆಯಿಂದ ಹೊರಬರುವ ಗರಜೇ ಬೀಳಲಿಲ್ಲ. "ನಿಮ್ಮಕ್ಕಗ ಹೇಳು, ಊಟಾ ಇಲ್ಲೇ ಕಳಸು ಅಂತ" ಎನ್ನುವರು. ತಾಟು ಹಿಡಿದು ಓಡಾಡುವುದೇ ನನ್ನ ಪ್ರವಾಸವಾಯಿತು.

ಒಂದು ಮಧ್ಯಾಹ್ನ ಹಿಮ ಜೋರಾಗಿ ಕರೆಂಟು ಹೋಯಿತು. ಪೆಟ್ಟಿಗೆ ಸುಮ್ಮನಾಯಿತು. ಮುಂಬಯಿಯ ಮಳೆ ಕೂಗಾಡುತ್ತ ಬರುತ್ತದೆ; ಹಿಮಕ್ಕೆ ಸದ್ದೇ ಇಲ್ಲ. ಕಿಟಕಿಯಾಚೆ ಬೆಟ್ಟ, ಮರ, ದಾರಿ ಎಲ್ಲ ಒಂದೊಂದಾಗಿ ಅಳಿಸಿಹೋದವು. ಕೋಣೆಗಳು ತಣ್ಣಗಾಗುತ್ತ ಬಂದವು.

"ಇಂಥಾ ಹೊತ್ತಿಗೆ ಅಂತನ ತಂದೂರ್ ಇಟ್ಟೀವಿ" ಎಂದು ಅಕ್ಕ ಅಡುಗೆಮನೆಯ ತಗಡಿನ ಒಲೆಯ ಮುಂದೆ ಕೂತಳು. ಅದರ ಕೊಳವೆ ಸೂರು ದಾಟಿ ಹೊರಗೆ ಹೋಗಿತ್ತು. ಆದರೆ ಪೈನ್ ಕಟ್ಟಿಗೆ ಹಸಿಯಾಗಿದ್ದರಿಂದ ಉರಿಗಿಂತ ಹೊಗೆಯೇ ಹೆಚ್ಚು. ಅವ್ವ, ಭಾವ, ನಾನು ಕೆಮ್ಮುತ್ತ ಸುತ್ತ ಕೂತೆವು.

"ಅಪ್ಪಾ, ಒಲಿ ಹಚ್ಚೀನಿ, ಬರ್ರಿ" ಎಂದು ಅಕ್ಕ ಕೂಗಿದಳು.

ಬಹಳ ಹೊತ್ತಿನ ಮೇಲೆ ಅಪ್ಪ ರಜಾಯಿ ಹೊದ್ದು ಬಾಗಿಲಲ್ಲಿ ಕಾಣಿಸಿಕೊಂಡರು. ಅಕ್ಕ ಊದುವುದನ್ನೇ ನೋಡುತ್ತ ನಿಂತವರು ತಡೆಯಲಾರದೆ, "ಹಂಗಲ್ಲವಾ, ಉಸರು ಕಟ್ಟೇದ ಅದಕ್ಕ. ಸ್ವಲ್ಪ ಸಡ್ಲ ಮಾಡು" ಎಂದರು.

ಅಕ್ಕ ಊದುವುದನ್ನು ನಿಲ್ಲಿಸಿದಳು. ತಿರುಗಿ ನೋಡಲಿಲ್ಲ. "ನನಗ ಬರಂಗಿಲ್ರಿ, ನೀವ ಮಾಡ್ರಿ" ಎಂದಳು. ಹಿಮದೂರಿನಲ್ಲಿ ಸಂಸಾರ ಮಾಡುವವಳಿಗೆ ಒಲೆ ಹಚ್ಚಲು ಬಾರದೆ ಇರುತ್ತದೆಯೇ!

ಅಪ್ಪ ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಕಟ್ಟಿಗೆ ಸರಿಸುತ್ತ, "ನಿನ್ನ ಗಂಡಗ ಹೇಳು, ಒಣಗಿದ್ದು ತರಾಕ" ಎಂದರು.

"ಇಲ್ಲೇ ಕುಂತಾರಲ್ರಿ. ನೀವ ಹೇಳ್ರಿ."

ಅಪ್ಪ ಭಾವನ ಕಡೆ ನೋಡಿದರು. ಆಮೇಲೆ ತಮ್ಮ ಬಿಜಾಪುರದ ಹಿಂದಿಯಲ್ಲಿ, "ಸೂಖಾ ಲಕಡಿ ಲಾವ್, ಬೇಟಾ" ಎಂದರು.

ಭಾವ ಎಷ್ಟು ಅವಸರದಿಂದ ಎದ್ದರೆಂದರೆ ಒಂದು ಕಾಲಿಗೆ ನನ್ನ ಚಪ್ಪಲಿ ಹಾಕಿಕೊಂಡು ಹಿಮಕ್ಕೆ ಇಳಿದರು.

ಸಂಜೆ ಕರೆಂಟು ಬಂತು. ಹೊರಗೆ ಪೆಟ್ಟಿಗೆ ಗುಂಯ್ ಎಂದಿತು. "ಖೋಲಿ ಬೆಚ್ಚಗಾಗತಾವ ಇನ್ನ" ಎಂದಳು ಅಕ್ಕ, ಅನುಮಾನಿಸುತ್ತ.

"ಅದರ ಪಾಡಿಗೆ ಅದು ತಿರಗಲಿ ಬಿಡು" ಎಂದರು ಅಪ್ಪ. ಯಾರೂ ಏಳಲಿಲ್ಲ.

ಪಕ್ಕದ ಫ್ಲ್ಯಾಟಿನ ಗರಗಸ ಈಗ ನಿಂತಿದೆ. ಅವ್ವ ಹೋದಮೇಲೆ ಅಪ್ಪ ನನ್ನ ಜೊತೆಗೇ ಇದ್ದಾರೆ, ಒಳಕೋಣೆಯಲ್ಲಿ. ಅವರ ಬಾಗಿಲು ಮುಚ್ಚಿದೆ, ನನ್ನದೂ ಮುಚ್ಚಿದೆ. ಎರಡು ಕಡೆಯೂ ಎ.ಸಿ. ತನ್ನಷ್ಟಕ್ಕೆ ನಡೆಯುತ್ತಿದೆ. ನನ್ನದನ್ನು ಆರಿಸಿ ಎದ್ದು ಅವರ ಕೋಣೆಗೆ ಹೋದೆ. ಅಪ್ಪ ಮಂಚದ ಮೇಲೆ ಕಾಲು ಮಡಚಿಕೊಂಡು ಜಾಗ ಮಾಡಿಕೊಟ್ಟರು.